ಮಗಳು ನೆಕ್ಕಾರ್ ದಂಡೆಯ ಊರಿಗೆ ಹೊರಟಿದ್ದಾಳೆ

ಪ್ರಶ್ನೆ: ಮಗಳಿಗೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಜೀವವಿಜ್ಞಾನದ ಎಂ.ಎಸ್ಸಿ ಸೀಟು ಸಿಕ್ಕಿದೆ. ಪಾಠ ಇಂಗ್ಲಿಷ್‌ನಲ್ಲೇ ಅಂತೆ, ಹಾಗಾಗಿ ಜರ್ಮನ್ ಕಲಿಯೋದು ಬೇಡ ಅಂತಾಳೆ. ಮನೆ ಬಿಟ್ಟು ಇದ್ದವಳಲ್ಲ. ಒಬ್ಬಳೇ ಹೇಗಿರ್ತಾಳೋ ಅಂತ ನನಗೆ ನಿದ್ದೆಯಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ನೆಕ್ಕಾರ್ ನದಿ ದಂಡೆಯ ಅದೇ ಊರಿನಲ್ಲಿ ನಾನು ಎರಡು ವರ್ಷ ಓದಿದವಳು. ಧೈರ್ಯವಾಗಿ ಕಳಿಸಿ. ಆದರೆ ಜರ್ಮನ್ ಬೇಡ ಅನ್ನೋ ಮಾತು ಮಾತ್ರ ಒಪ್ಪಬೇಡಿ.

ನಾನು ಹೋದ ಎರಡನೇ ವಾರ, ನಮ್ಮ ಬಾಗಿಲ ಹಿಡಿಕೆಗೆ ಯಾರೋ ಒಂದು ಪುಟ್ಟ ಮರದ ಹಲಗೆ ನೇತುಹಾಕಿದ್ದರು. 'ಕೇರ್‌ವೋಖೆ' ಅಂತ ಬರೆದಿತ್ತು. ಅಲಂಕಾರ ಇರಬೇಕು ಅಂತ ಸುಮ್ನಿದ್ದೆ. ಶನಿವಾರ ಕೆಳಮನೆ ಅಜ್ಜಿ ಪೊರಕೆ ಹಿಡಿದು ಬಂದೇಬಿಟ್ಟರು. ಆ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದು ಅನ್ನೋದು ಆ ಹಲಗೆಯ ಅರ್ಥ. ನನಗೆ ಮಾತು ಬರುತ್ತಿರಲಿಲ್ಲ. ಅಜ್ಜಿ ಪೊರಕೆ ಎತ್ತಿ ತೋರಿಸಿ 'ಬೇಜನ್' ಅಂದರು. ನಾನೂ ಅಂದೆ. ಇಬ್ಬರೂ ಸೇರಿ ಮೂರು ಮಹಡಿ ಗುಡಿಸಿದೆವು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಬಳಗ ಅವರೇ. ಪಾಠ ಇಂಗ್ಲಿಷ್‌ನಲ್ಲಿದ್ದರೂ ಮೆಟ್ಟಿಲು, ಬೇಕರಿ, ಬಸ್ಸು ಎಲ್ಲ ಜರ್ಮನ್‌ನಲ್ಲೇ ಅಲ್ವಾ? ನಮ್ಮ ಕಿಟೆಲ್ ಸಾಹೇಬರು ಆ ದೇಶದಿಂದ ಬಂದು ಕನ್ನಡ ಕಲಿತರು, 1894ರಲ್ಲಿ ನಿಘಂಟು ಕೊಟ್ಟರು. 1903ರಲ್ಲಿ ಅವರು ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಮಗಳಿಗೆ ಇದನ್ನು ಹೇಳಿ.

ಹೊರಡುವ ಮೊದಲು ಜರ್ಮನ್ ಕಲಿಕೆಯ ಮೊದಲ ಹಂತ, ಎ1, ಮುಗಿಸಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರು ಆನ್‌ಲೈನ್‌ನಲ್ಲೂ ಕಲಿಸುತ್ತಾರೆ.

ಖರ್ಚಿನ ವಿಷಯ: ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹಾಗಲ್ಲ. 2017ರಿಂದ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇಟ್ಟಿದ್ದಾರೆ. ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ನವೆಂಬರ್ ಕಷ್ಟದ ತಿಂಗಳು. ಸಂಜೆ ಐದಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿ ತೆರೆಯೋದಿಲ್ಲ, ಅಕ್ಕಿ ಬೇಳೆ ಶನಿವಾರವೇ ತಂದಿಡಲಿ. ಮನಸ್ಸಿಗೆ ಬೇಜಾರಾದಾಗ ಗುಡ್ಡದ ಮೇಲಿನ ಕೋಟೆಗೆ ಹೋಗಲಿ. ಅದರ ಹಳೇ ಅಡುಗೆಮನೆಯಲ್ಲಿ ಒಂದು ಪ್ರಯೋಗಾಲಯ ಇತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಅನ್ನೋ ಸ್ವಿಸ್ ವಿಜ್ಞಾನಿ ಅಲ್ಲಿ, ಗಾಯದ ಬ್ಯಾಂಡೇಜಿನ ಕೀವು ತೊಳೆದು, ಇವತ್ತು ನಾವು ಡಿಎನ್ಎ ಅನ್ನೋದನ್ನು ಮೊದಲು ಬೇರ್ಪಡಿಸಿದ. ಅವಳ ಓದಿನ ಬೇರು ಅಲ್ಲೇ ಇದೆ. ನಾನು ಆ ಕಲ್ಲಿನ ಕೋಣೆಯಲ್ಲಿ ಎಷ್ಟೋ ಹೊತ್ತು ನಿಂತಿದ್ದೇನೆ.

ಇನ್ನೊಂದು. ಮೊದಲ ದಿನ ಪಾಠ ಮುಗಿದ ಕೂಡಲೇ ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕ್ ಕುಟ್ಟುತ್ತಾರೆ. ಗಾಬರಿಯಾಗಬೇಡ ಅಂತ ಹೇಳಿ. ಅದು ಮೇಷ್ಟ್ರಿಗೆ ಅವರು ತಟ್ಟುವ ಚಪ್ಪಾಳೆ.