ಸೋತವರ ಹೆಸರು ಬರೆಯಿರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ‘ಯಂತ್ರದೆದುರು ಮನುಷ್ಯ’ ಲೇಖನ ತಲುಪಿದೆ. ಭಾಷೆ ಸ್ವಚ್ಛವಾಗಿದೆ, ಹುಡುಕಿದರೂ ಕಾಗುಣಿತದ ತಪ್ಪು ಸಿಗಲಿಲ್ಲ, ಓದಿಕೊಂಡು ಬರೆದಿದ್ದೀರಿ. ಮೆಚ್ಚುಗೆ ಇಷ್ಟೇ, ಇನ್ನು ಜಗಳ. ಸಪ್ಪೆ ಲೇಖನವಾಗಿದ್ದರೆ ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಒಳ್ಳೆಯ ಸಾಮಗ್ರಿಯನ್ನು ಕೈಯಲ್ಲಿಟ್ಟುಕೊಂಡು ಹಾಳು ಮಾಡಿದ್ದೀರಿ ಎಂಬ ಸಿಟ್ಟಿಗೆ ಈ ಪತ್ರ.

ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: “2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಕಂಪ್ಯೂಟರಿನೆದುರು ಮನುಕುಲ ತಲೆಬಾಗಿತು. ಸಹಸ್ರಾರು ವರ್ಷಗಳ ಮಾನವ ಪ್ರತಿಭೆ ಒಂದೇ ವಾರದಲ್ಲಿ ಮಣ್ಣುಪಾಲಾಯಿತು.”

ಮೊದಲ ವಾಕ್ಯ ನೋಡೋಣ. ಯಾವ ಮನುಕುಲ? ಆ ವಾರ ನಾನಂತೂ ಯಾರಿಗೂ ತಲೆಬಾಗಿಸಲಿಲ್ಲ. ಆಲ್ಫಾಗೋ ಎಂಬ ಪ್ರೋಗ್ರಾಮಿನೆದುರು, ಕಪ್ಪು-ಬಿಳಿ ಕಾಯಿಗಳ ‘ಗೋ’ ಎಂಬ ಆಟದ ಹಲಗೆಯ ಮುಂದೆ ಕುಳಿತಿದ್ದವರು ಒಬ್ಬರೇ, ದಕ್ಷಿಣ ಕೊರಿಯಾದ ಲೀ ಸೆಡೊಲ್. ಹನ್ನೆರಡನೇ ವಯಸ್ಸಿಗೇ ವೃತ್ತಿಪರ ಆಟಗಾರರಾದವರು. ಐದು ಆಟಗಳಲ್ಲಿ ಐದನ್ನೂ ಗೆಲ್ಲುತ್ತೇನೆ, ಹೆಚ್ಚೆಂದರೆ ಒಂದು ಸೋತೇನು ಎಂಬ ಧೈರ್ಯದಲ್ಲಿ ಬಂದಿದ್ದವರು. ನಿಮ್ಮ ಲೇಖನದಲ್ಲಿ ಅವರ ಹೆಸರು ಒಂದೇ ಒಂದು ಸಲ ಬರುತ್ತದೆ, ಅದೂ ಆವರಣ ಚಿಹ್ನೆಯೊಳಗೆ! ಮೂರನೇ ಆಟವನ್ನೂ ಸೋತು ಸರಣಿ ಕೈತಪ್ಪಿದ ದಿನ ಅವರು ಪತ್ರಕರ್ತರೆದುರು, ಇದು ಲೀ ಸೆಡೊಲ್‌ನ ಸೋಲೇ ಹೊರತು ಮನುಷ್ಯರ ಸೋಲಲ್ಲ ಎಂದರು. ತನ್ನ ಸೋಲನ್ನು ತಾನೇ ಹೊತ್ತುಕೊಂಡವನ ಹೆಗಲಿನಿಂದ ಅದನ್ನು ಕಿತ್ತುಕೊಂಡು ನೀವು ಊರಿಗೆಲ್ಲ ಹಂಚಿಬಿಟ್ಟಿದ್ದೀರಿ.

ಎರಡನೇ ವಾಕ್ಯ ಇನ್ನೂ ಕೆಟ್ಟದ್ದು. ‘ಮಣ್ಣುಪಾಲಾಯಿತು’ ಎಂಬುದು ಸತ್ಯವೂ ಅಲ್ಲ. ಎರಡನೇ ಆಟದಲ್ಲಿ ಲೀ ಸಿಗರೇಟು ಸೇದಲು ಎದ್ದುಹೋಗಿದ್ದಾಗ ಯಂತ್ರ 37ನೇ ನಡೆ ನಡೆಸಿತು. ಹಲಗೆಯ ಅಂಚಿನಿಂದ ಐದನೇ ಗೆರೆಯ ಮೇಲೆ, ಪಳಗಿದ ಆಟಗಾರರು ಆ ಘಟ್ಟದಲ್ಲಿ ಇಡದ ಕಡೆ ಒಂದು ಕಪ್ಪು ಕಾಯಿ. ವೀಕ್ಷಕ ವಿವರಣೆ ಕೊಡುತ್ತಿದ್ದವರು ಮೊದಲು ಅದನ್ನು ತಪ್ಪು ಎಂದೇ ಭಾವಿಸಿದರು. ಲೀ ಮರಳಿ ಬಂದು, ನೋಡಿ, ಉತ್ತರ ಕೊಡಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹೊತ್ತು ಕುಳಿತರು. ಆ ನಿಮಿಷಗಳ ಮೇಲೆ ನೀವು ಒಂದು ಪುಟ ಬರೆಯಬೇಕಿತ್ತು. ಇನ್ನು ನಾಲ್ಕನೇ ಆಟದಲ್ಲಿ ಅವರು ಇಟ್ಟ 78ನೇ ನಡೆಯನ್ನು ಯಂತ್ರವೂ ನಿರೀಕ್ಷಿಸಿರಲಿಲ್ಲ. ಅಲ್ಲಿಂದ ಅದು ದಾರಿ ತಪ್ಪಿತು, ಸೋಲೊಪ್ಪಿತು. ಸರಣಿ 4–1. ಆ ‘1’ ನಿಮ್ಮ ಲೇಖನದಲ್ಲಿ ಎಲ್ಲಿದೆ? ಯಂತ್ರದ ಜೊತೆ ಸೆಣಸಿದ್ದರಿಂದಲೇ ಒಬ್ಬ ಮನುಷ್ಯನಿಗೆ ಆ ನಡೆ ಹೊಳೆದಿರಬಹುದೇ? ನಿಮ್ಮ ವಿಷಯದ ತಿರುಳು ಅಲ್ಲಿದೆ. ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

2019ರ ನವೆಂಬರ್‌ನಲ್ಲಿ ಲೀ ನಿವೃತ್ತರಾದರು. ತಾನು ಮೊದಲ ಸ್ಥಾನಕ್ಕೇರಿದರೂ ಸೋಲಿಸಲಾಗದ ಒಂದು ಅಸ್ತಿತ್ವ ಮೇಲಿದೆಯಲ್ಲ ಎಂದು ಕಾರಣ ಕೊಟ್ಟರು. ಆಗಲೂ ಅವರು ಮನುಕುಲದ ಪರವಾಗಿ ಮಾತಾಡಲಿಲ್ಲ.

ಇದರ ಬಗ್ಗೆ ನನಗೇಕೆ ಇಷ್ಟು ಹಟ ಎಂದರೆ, ನಾನು ಕೆಲಸ ಕಲಿತದ್ದು ಮಲೆನಾಡಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ, ಕರಡು ತಿದ್ದುವವನಾಗಿ. ಅಲ್ಲೊಬ್ಬರು ಹಿರಿಯ ಕಂಪೋಸಿಟರ್, ಅಂದರೆ ಅಚ್ಚಿನ ಮೊಳೆ ಜೋಡಿಸುವವರು, ಇದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಬಲಗೈಯಿಂದ ಮೊಳೆ ಹೆಕ್ಕಿ ಜೋಡಿಸುತ್ತ ಹೋಗುವರು. ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಸೀಸದ ಅಕ್ಷರಗಳನ್ನು ನಾವು ಪತ್ರಿಕೆ ಓದಿದಷ್ಟೇ ಸಲೀಸಾಗಿ ಓದುವರು. ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಬಂತು, ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣಕಾರರು ಒಬ್ಬರಾದ ಮೇಲೊಬ್ಬರು ‘ಯಂತ್ರಯುಗ’, ‘ಮಾನವನ ಕೈಚಳಕ’ ಎಂದು ಥೇಟ್ ನಿಮ್ಮ ಧಾಟಿಯಲ್ಲೇ ಮಾತಾಡಿದರು. ಆಮೇಲೆ ಚಹಾ ಕುಡಿಯುವಾಗ ಮೇಷ್ಟ್ರು, “ಇನ್ನು ಮೇಲೆ ಶಷ್ಠಿಯೋ ಷಷ್ಠಿಯೋ ಎಂದು ಯಾರೂ ನನ್ನನ್ನು ಕೇಳಲು ಬರುವುದಿಲ್ಲ” ಎಂದರು. ಕೈಚಳಕದ ಮಾತೇ ಎತ್ತಲಿಲ್ಲ. ವರದಿಗಾರರು, ಉಪಸಂಪಾದಕರು, ಒಮ್ಮೊಮ್ಮೆ ಸಂಪಾದಕರೂ ಅನುಮಾನ ಬಂದಾಗ ಅವರ ಹತ್ತಿರ ಹೋಗುತ್ತಿದ್ದರು. ಕಂಪ್ಯೂಟರ್ ಅವರಿಂದ ಕಿತ್ತುಕೊಂಡದ್ದು ಅದನ್ನು. ಆ ದಿನದ ಭಾಷಣಗಳಲ್ಲಿ ಒಂದು ವಾಕ್ಯವೂ ನನಗೆ ನೆನಪಿಲ್ಲ.

ಎರಡನೇ ತಕರಾರು ನಿಮ್ಮ ಕೊನೆಯ ಪ್ಯಾರಾದ ಮೇಲೆ: “ಯಂತ್ರಕ್ಕೆ ಲೆಕ್ಕ ಗೊತ್ತು, ಕಣ್ಣೀರು ಗೊತ್ತಿಲ್ಲ. ಯಂತ್ರಕ್ಕೆ ಹೃದಯವಿಲ್ಲ. ಅದೇ ಮನುಷ್ಯನ ಹಿರಿಮೆ.” ಈ ಮೂರು ವಾಕ್ಯಗಳು ಬೇರೆ ಬೇರೆ ವೇಷದಲ್ಲಿ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಒಂದು ಕಾಲಕ್ಕೆ ಲೆಕ್ಕವೇ ಬುದ್ಧಿಯ ಗುರುತಾಗಿತ್ತು. 1977ರಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರು ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿ, 62 ಸೆಕೆಂಡು ತೆಗೆದುಕೊಂಡ ಯೂನಿವ್ಯಾಕ್ ಕಂಪ್ಯೂಟರನ್ನು ಹಿಂದಿಕ್ಕಿದಾಗ ನಾವೆಲ್ಲ ಎದೆಯುಬ್ಬಿಸಿದೆವು. ಲೆಕ್ಕ ಯಂತ್ರದ ಪಾಲಾದ ಮೇಲೆ ಚದುರಂಗವೇ ನಿಜವಾದ ಬುದ್ಧಿ ಎಂದೆವು. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೊವ್ ಅವರನ್ನು ಸೋಲಿಸಿದ ಮೇಲೆ ಗೋ ಎಂದೆವು. ಈಗ ಕಣ್ಣೀರು. ಒತ್ತುವರಿಯಲ್ಲಿ ಎಕರೆಗಟ್ಟಲೆ ಕಳೆದುಕೊಂಡವನು ಉಳಿದ ಮೂರು ಗುಂಟೆಯನ್ನೇ ತೋರಿಸಿ ‘ನಮ್ಮ ಮೂಲ ಆಸ್ತಿ ಇಷ್ಟೇ’ ಎಂದ ಹಾಗಾಯಿತು.

ಹೋಗಲಿ, ಹೃದಯದ ಮಾತನ್ನೇ ಒಪ್ಪಿಕೊಳ್ಳೋಣ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲಿಜಾ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ನೀವು ಟೈಪ್ ಮಾಡಿದ ಮಾತಿನಲ್ಲಿ ಅದು ಒಂದೆರಡು ಪದಗಳನ್ನು ಹೆಕ್ಕಿ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅಮ್ಮನ ಮಾತೆತ್ತಿದರೆ, ನಿಮ್ಮ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿ ಎನ್ನುತ್ತಿತ್ತು. ಅಷ್ಟೇ. ಅದನ್ನು ಕಟ್ಟುವಾಗ ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿ ಒಂದು ದಿನ ಅದರೊಂದಿಗೆ ಮಾತಿಗಿಳಿದರು. ನಾಲ್ಕಾರು ಮಾತು ಮುಗಿಯುವುದರೊಳಗೆ, ದಯವಿಟ್ಟು ಕೋಣೆಯಿಂದ ಹೊರಗಿರುತ್ತೀರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿದರು. ಯಂತ್ರಕ್ಕೆ ಹೃದಯವಿಲ್ಲವೆಂದು ಆಕೆಗೆ ನಿಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಹಾಕಿಕೊಂಡರು. ಯಂತ್ರದ ಹೃದಯವನ್ನು ಪರೀಕ್ಷಿಸುವ ಮೊದಲು, ಹೇಳಿಕೊಳ್ಳಲು ಆಕೆಗೆ ಬೇರೆ ಯಾರಿದ್ದರು ಎಂದು ಕೇಳಿ. ಈಗ ರಾತ್ರಿ ಹೊತ್ತು ಮೊಬೈಲಿನ ಚಾಟ್‌ಬಾಟ್‌ಗೆ ಮನೆಯ ಕಷ್ಟ ಹೇಳಿಕೊಳ್ಳುವವರ ಬಗ್ಗೆಯೂ ಅದನ್ನೇ ಕೇಳಿ. ಅಂಥವರು ನಿಮ್ಮ ಪರಿಚಯದಲ್ಲೇ ಇರುತ್ತಾರೆ, ಹೋಗಿ ಮಾತಾಡಿಸಿ.

ಉಪನಿಷತ್ತು, ವಿಕಾಸವಾದಗಳ ಪುಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಇಡುವುದಿದ್ದರೆ ಇಡಿ, ನಾನು ಹೊಡೆದುಹಾಕುತ್ತೇನೆ. ನಾಲ್ಕನೇ ಆಟದಿಂದ ಶುರುಮಾಡಿ, ಸಾವಿರದಿನ್ನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಗೆ 20ನೇ ತಾರೀಕು ಕೊನೆಯ ದಿನ.

ಇತಿ,
ಸಂಪಾದಕ