ಅಪ್ಪನನ್ನು ಇಲ್ಲಿಗೆ ಕರೆಸಬೇಕಾ?

ತಮ್ಮಾ, ಮ್ಯಾಂಚೆಸ್ಟರ್‌ನಲ್ಲಿ ರೂಮು ಸಿಗುತ್ತದೆ, ಆಫೀಸಿನಲ್ಲೇ ವಿಚಾರಿಸು. ಚಳಿಗೆ ಒಂದು ಒಳ್ಳೆ ಜಾಕೆಟ್ ಸಾಕು. ನೀನು ಕೇಳಿದ ಮೂರನೆಯದೇ ದೊಡ್ಡದು: ಬ್ರಹ್ಮಾವರದಲ್ಲಿರುವ ನಿನ್ನ ಅಪ್ಪನಿಗೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್, ಲಿವರಿಗೂ ಹರಡಿದೆ, ಇಲ್ಲಿಗೆ ಕರೆಸಿದರೆ ಒಳ್ಳೆ ಮದ್ದು ಸಿಗಬಹುದಾ ಅಂತ.

ಕರೆಸಬೇಡ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆ, ಖರ್ಚಿನ ಒಂದೂವರೆ ಪಟ್ಟು ಬಿಲ್ ಹಾಕುತ್ತದೆ. ಇಲ್ಲಿ ಕೊಡುವ ಕೀಮೋ ಮಣಿಪಾಲ, ಮಂಗಳೂರಿನಲ್ಲೂ ಸಿಗುತ್ತದೆ. ಗಟ್ಟಿ ಇರುವವರಿಗೆ ಫೋಲ್ಫಿರಿನಾಕ್ಸ್, ನಾಲ್ಕು ಮದ್ದು ಒಟ್ಟಿಗೆ, ಎರಡು ವಾರಕ್ಕೊಮ್ಮೆ. ಅಷ್ಟು ತಡೆಯದವರಿಗೆ ಜೆಮ್ಸಿಟಾಬಿನ್ ಜೊತೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ತೀರಾ ಸುಸ್ತಾಗಿದ್ದರೆ ಜೆಮ್ಸಿಟಾಬಿನ್ ಮಾತ್ರ. ಅಪ್ಪ ಎಷ್ಟು ಓಡಾಡುತ್ತಾರೆ, ಕಾಮಾಲೆ ಇದೆಯಾ ಅಂತ ನೋಡಿ ಅಲ್ಲಿನ ಡಾಕ್ಟರು ಆರಿಸುತ್ತಾರೆ. ಇಲ್ಲಿಂದ ಫೋನ್ ಮಾಡಿ ಸ್ಟ್ರಾಂಗ್ ಮದ್ದು ಕೊಡಿ ಅಂತ ಸುಮ್ನೆ ಹಠ ಮಾಡಬೇಡ. ಬಿಆರ್‌ಸಿಎ ಅನ್ನುವ ಜೀನಿನಲ್ಲಿ ದೋಷ ಇದೆಯಾ ಅಂತ ನೋಡುವ ಪರೀಕ್ಷೆ ಮಾತ್ರ ಈಗಲೇ ಕೇಳು. ಆ ದೋಷ ಇದ್ದು, ಕೀಮೋದಿಂದ ಕಾಯಿಲೆ ಹಿಡಿತದಲ್ಲಿದ್ದರೆ, ಆಮೇಲೆ ಒಲಾಪರಿಬ್ ಮಾತ್ರೆ ಕೊಡಬಹುದು.

ಹೀಗೆ ಹರಡಿದ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇದ್ದವರ ಮೇಲೆ ನಡೆದ 2011ರ ಫ್ರಾನ್ಸಿನ ಅಧ್ಯಯನದಲ್ಲಿ ಜೆಮ್ಸಿಟಾಬಿನ್ ಪಡೆದವರಲ್ಲಿ ಅರ್ಧದಷ್ಟು ಜನ 6.8 ತಿಂಗಳು ದಾಟಿದ್ದರು, ಫೋಲ್ಫಿರಿನಾಕ್ಸ್ ಪಡೆದವರಲ್ಲಿ 11.1 ತಿಂಗಳು. ನಡುವಿನ ಆ ನಾಲ್ಕು ತಿಂಗಳು ಸಣ್ಣದಲ್ಲ.

ನಾನು ಇಲ್ಲಿಗೆ ಬಂದದ್ದು 2012ರ ಜನವರಿಯಲ್ಲಿ. ಅದೇ ವರ್ಷ ನನ್ನ ಅಮ್ಮನಿಗೆ ಇದೇ ಕಾಯಿಲೆ. ಹೊಸ ಕೆಲಸ, ಮ್ಯಾನೇಜರ್ ರಜೆ ಕೊಟ್ಟದ್ದು ಮಳೆಗಾಲ ಮುಗಿದ ಮೇಲೆ. ಹೋದಾಗ ಅಮ್ಮ ಹಾಸಿಗೆ ಹಿಡಿದಿದ್ದಳು, ಗಂಜಿತಿಳಿ ಎರಡು ಚಮಚ ಇಳಿದರೆ ಜಾಸ್ತಿ. ಜುಲೈಯಲ್ಲಿ, ಮೂರನೇ ಕೀಮೋ ಆಗಿ ಹತ್ತು ದಿನಕ್ಕೆ, ತಾನೇ ಕಲ್ಲಿನಲ್ಲಿ ಒಣ ಸಿಗಡಿ ಚಟ್ನಿ ಅರೆದು ಗಂಜಿ ಉಂಡಿದ್ದಳಂತೆ. ಅಕ್ಕನಿಗೆ ಖಾರ ಕಡಿಮೆ ಅಂತ ಬೈದಿದ್ದಳಂತೆ ಬೇರೆ. ಆ ಬೈಗುಳ ನಾನು ಫೋನಿನಲ್ಲಿ ಕೇಳಿಸಿಕೊಂಡೆ. ಹನ್ನೆರಡು ವರ್ಷ ದಾಟಿದರೂ ಅದೊಂದು ಹೊಟ್ಟೆಯೊಳಗೆ ಉಳಿದಿದೆ.

ಅದಕ್ಕೇ ಹೇಳುವುದು, ಕೊನೆಗೆ ಬೇಕಾಗುತ್ತದೆ ಅಂತ ರಜೆ ಉಳಿಸಬೇಡ. ಫೋಲ್ಫಿರಿನಾಕ್ಸ್ ಆದರೆ 46 ಗಂಟೆ ಸಣ್ಣ ಪಂಪ್ ಮೈಮೇಲೇ ಇರುತ್ತದೆ, ಆಮೇಲೆ ಕೆಲವು ದಿನ ವಾಂತಿ, ಸುಸ್ತು. ಎರಡನೇ ವಾರ ಬಾಯಿರುಚಿ ಬರುವುದುಂಟು. ಟಿಕೆಟ್ ಆ ವಾರಕ್ಕೆ ಮಾಡು.

ಮನೆಯವರಿಗೂ ಹೇಳು: ಫೋಲ್ಫಿರಿನಾಕ್ಸ್ ಆದ ಹೊಸತರಲ್ಲಿ ಫ್ರಿಜ್ಜಿನ ಮಜ್ಜಿಗೆ ಬೇಡ, ಬೆರಳು, ಗಂಟಲು ಜುಮ್ಮೆನ್ನುತ್ತದೆ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು. ಉಂಡದ್ದು ಮೈಗೆ ಹತ್ತದಿದ್ದರೆ ಜೀರ್ಣಕ್ಕೆ ಎಂಜೈಮ್ ಕ್ಯಾಪ್ಸೂಲ್ ಬೇಕಾ ಅಂತ ಡಾಕ್ಟರನ್ನು ಕೇಳಲಿ. ಅದನ್ನು ಊಟದ ಜೊತೆಗೇ ನುಂಗಬೇಕು.

ಮ್ಯಾನೇಜರಿಗೆ ನಾಳೆಯೇ ರಿಪೋರ್ಟ್ ತೋರಿಸು. ಆಗಲ್ಲ ಅಂದರೆ ಸಂಬಳವಿಲ್ಲದ ರಜೆ ಕೇಳು. ಟಿಕೆಟಿಗೆ ದುಡ್ಡು ಕಮ್ಮಿಯಾದರೆ ನನಗೆ ಫೋನ್ ಮಾಡು, ವಾಪಸು ಕೊಡುವುದನ್ನು ಆಮೇಲೆ ನೋಡುವ.