ಓದುಗರ ಪ್ರಶ್ನೆ: ವಿಲ್ಲಿ ನೆಲ್ಸನ್ ಅವರಿಗೆ ಹೆಸರು ತಂದ ಆಲ್ಬಂ

ಪ್ರಶ್ನೆ: ಅಮೆರಿಕದ ಕಂಟ್ರಿ (ಅಲ್ಲಿನ ಗ್ರಾಮೀಣ ಮೂಲದ ಜನಪ್ರಿಯ ಸಂಗೀತ) ಗಾಯಕ ವಿಲ್ಲಿ ನೆಲ್ಸನ್ ಅನೇಕ ಆಲ್ಬಂಗಳನ್ನು ಹೊರತಂದ ಮೇಲೆ, 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ನಿಂದ ಪ್ರಸಿದ್ಧರಾದರೆಂದು ಓದಿದೆ. ಅದರಲ್ಲಿ ಅಂಥ ವಿಶೇಷವೇನಿತ್ತು?
– ಓದುಗರೊಬ್ಬರು, ಗದಗ

ಉತ್ತರ: 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿ ಜನಪ್ರಿಯಗೊಳಿಸಿದ ‘ಕ್ರೇಜಿ’ ಹಾಡನ್ನು ಬರೆದವರು ನೆಲ್ಸನ್. ಗೀತರಚನಕಾರರಾಗಿ ಅವರಿಗೆ ಮನ್ನಣೆ ಇತ್ತು, ಗಾಯಕರಾಗಿ ಅಷ್ಟಿರಲಿಲ್ಲ. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್‌ ನಗರದ ಅಂದಿನ ರೂಢಿಯಂತೆ ಪಿಟೀಲುಗಳ ಮೇಳವನ್ನೂ ಹಿನ್ನೆಲೆ ಗಾಯನವನ್ನೂ ಸೇರಿಸಿದಾಗ, ತಾಳದಿಂದ ತುಸು ಹಿಂದೆ ಮುಂದೆ ಸರಿಯುತ್ತ ಸಾಗುವ ಅವರ ಹಾಡುಗಾರಿಕೆ ಮಸುಕಾಗುತ್ತಿತ್ತು ಎಂಬುದು ನನ್ನ ಅನಿಸಿಕೆ.

ಕೊಲಂಬಿಯಾ ಎಂಬ ಧ್ವನಿಮುದ್ರಣ ಕಂಪನಿಯ ಒಪ್ಪಂದದಲ್ಲಿ ಪೂರ್ಣ ಸ್ವಾತಂತ್ರ್ಯ ಪಡೆದ ಅವರು, ಟೆಕ್ಸಾಸ್‌ನ ಗಾರ್ಲೆಂಡ್ ಪಟ್ಟಣದಲ್ಲಿ ತಮ್ಮದೇ ತಂಡದೊಂದಿಗೆ ಈ ಆಲ್ಬಂ ಧ್ವನಿಮುದ್ರಿಸಿದರು. ಹೆಂಡತಿಯನ್ನೂ ಆಕೆಯ ಪ್ರಿಯಕರನನ್ನೂ ಕೊಂದು ಅಲೆಯುವ ಧರ್ಮಬೋಧಕನೊಬ್ಬನ ಕಥೆ ಹಾಡಿನಿಂದ ಹಾಡಿಗೆ ಬೆಳೆಯುತ್ತದೆ. ನೆಲ್ಸನ್ ಅವರ ಗಿಟಾರ್, ಅಕ್ಕ ಬಾಬಿಯವರ ಪಿಯಾನೊ, ಅಲ್ಲಲ್ಲಿ ಹಾರ್ಮೋನಿಕಾ (ಮೌತ್ ಆರ್ಗನ್). ವಾದ್ಯಗಳು ಎಷ್ಟು ಮಿತವಾಗಿದ್ದವೆಂದರೆ ಕಂಪನಿಯವರು ಇದನ್ನು ಅಪೂರ್ಣ ಮಾದರಿಯೆಂದೇ ಭಾವಿಸಿದರು. ಆದರೆ ಇದರಲ್ಲಿನ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಗಾಯಕರಾಗಿ ಅವರಿಗೆ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಮೊದಲ ಬಾರಿಗೆ ತಂದಿತು. ಆ ಹಾಡನ್ನು ಬರೆದವರು ನೆಲ್ಸನ್ ಅಲ್ಲ, ಫ್ರೆಡ್ ರೋಸ್ ಎಂಬುದು ಗಮನಿಸಬೇಕಾದ ಸಂಗತಿ.

ಏಕತಾರಿ ಹಿಡಿದು ತತ್ವಪದ ಹಾಡುವವರನ್ನು ಕೇಳುತ್ತ ಬೆಳೆದ ನಮ್ಮ ಗದಗ, ಧಾರವಾಡ ಭಾಗದ ಕೇಳುಗರಿಗೆ ಈ ಮಿತವಾದ ನಾದ ಅಪರಿಚಿತವೆನಿಸದು. ಕಥೆಯ ಎಳೆ ತಪ್ಪದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಾರಿಗೆ ಕೇಳಿರಿ.